ಮರುಮುದ್ರಣದ ಮೇಜು

ಗನ್ ಕೂಗಲಿಲ್ಲ.

ಸುಬ್ರಮಣಿ ಮತ್ತೊಮ್ಮೆ ಒತ್ತಿದ. ಸ್ಕ್ಯಾನರಿನ ಕೆಂಪು ಗೆರೆ ಡಬ್ಬದ ಲೇಬಲ್ಲಿನ ಮೇಲೆ, ಸಾಲಾಗಿ ನಿಂತ ಬಾರ್‌ಕೋಡಿನ ಕಪ್ಪು ಪಟ್ಟಿಗಳ ಮೇಲೆ ಹರಿಯಿತು. ನಡುವೆ ಒಣಗಿ ಕೂತಿದ್ದ ಅರಿಶಿನ ಕುಂಕುಮದ ಬೊಟ್ಟಿನ ಹತ್ತಿರ ಬಂದು ತಡವರಿಸಿತು. ಆರಿಹೋಯಿತು.

"ಓದಲ್ಲ ಸಾರ್ ಅದು," ಎಂದ ಸಾಯಿಕುಮಾರ್. ವ್ಯಾನಿಗೆ ಪಾರ್ಸಲ್ ಏರಿಸುವ ಆಳು ಅವನು. ಬೆಳಿಗ್ಗೆಯಿಂದ ಸಂಜೆಯವರೆಗೆ ಯಾವುದಾದರೂ ಡಬ್ಬ ಅವನ ಹೆಗಲ ಮೇಲಿರುತ್ತಿತ್ತು. "ಬುಕ್ಕಿಂಗ್‌ನಾಗೆ ಆಗ್ಲೇ ಕೊಟ್ಟು ನೋಡ್ದೆ. ಯಾರೋ ಪೂಜೆ ಮಾಡಿ ಕಳ್ಸವ್ರೆ. ಅದ್ಕೇ ನಿಮ್ ಟೇಬಲ್‌ಗೆ ತಂದೆ."

"ಇಟ್ಟು ಹೋಗು."

ಸಾಯಿಕುಮಾರ್ ಹೋಗಲಿಲ್ಲ. ಬಗ್ಗಿ ಲೇಬಲ್ಲಿನ ಕೆಳಗಿನ ಸಾಲು ಓದಿದ. "ಕಳ್ಸೋರ ಜಾಗದಾಗೆ ನಿಮ್ಮೆಸ್ರೇ ಐತಲ್ಲ ಸಾರ್?"

"ಇರುತ್ತೆ. ಈ ತಾಲ್ಲೂಕಿನಲ್ಲಿ ಸುಬ್ರಮಣಿಗಳಿಗೇನು ಬರ."

ಅವನು ನಕ್ಕು ಹೊರಟುಹೋದ. ನಗಿಸುವಷ್ಟು ಮಾತು ಸುಬ್ರಮಣಿಗೆ ಇನ್ನೂ ಬರುತ್ತಿತ್ತು. ಆದರೆ ಅದು ಸಾಯಿಕುಮಾರನಂಥವರ ಹತ್ತಿರ, ಏನನ್ನಾದರೂ ಮುಚ್ಚಿಡಬೇಕಾದಾಗ ಮಾತ್ರ.

ಬಂಗಾರಪೇಟೆ ಸ್ಟೇಷನ್ನಿನ ಹಿಂದೆ, ತಗಡಿನ ಚಾವಣಿಯ ಆ ಪಾರ್ಸಲ್ ಶೆಡ್ಡಿನ ಮೂಲೆಯಲ್ಲಿ ಅವನ ಮೇಜು. ದಾರಿಯಲ್ಲಿ ಮುಖ ಕೆಟ್ಟ ಡಬ್ಬಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ನೆನೆದದ್ದು, ಹರಿದದ್ದು, ಇನ್ನೊಂದು ಡಬ್ಬಕ್ಕೆ ಉಜ್ಜಿ ಅಕ್ಷರ ಕಳೆದುಕೊಂಡದ್ದು. ಮೇಜಿನ ಮೇಲಿದ್ದ ಪ್ರಿಂಟರಿಗೆ ಮಸಿ ಇಲ್ಲ. ಕಾಗದಕ್ಕೆ ಬಿಸಿ ತಾಗಿಸಿ ಅಕ್ಷರ ಮೂಡಿಸುತ್ತದೆ. ಬಿಸಿಯಿಂದ ಮೂಡಿದ್ದು ಬಿಸಿಲಿಗೆ ಬಿದ್ದರೆ ಮಾಸಿಹೋಗುತ್ತದೆ. ಹಳೆಯದನ್ನು ಕಿತ್ತು, ಕಂಪ್ಯೂಟರಿನಲ್ಲಿ ವಿಳಾಸ ಹುಡುಕಿ ಅಥವಾ ಹೊಸದಾಗಿ ಟೈಪು ಮಾಡಿ, ಹೊಸ ಲೇಬಲ್ ಅಂಟಿಸುವುದು ಅವನ ಕೆಲಸ. ಉಳಿದವರು ಅದನ್ನು ಚೀಟಿ ಟೇಬಲ್ ಎನ್ನುತ್ತಿದ್ದರು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ್ದ ಸುಬ್ರಮಣಿ ಮಾತ್ರ ತನ್ನೊಳಗೆ ಅದಕ್ಕೆ ಮರುಮುದ್ರಣ ವಿಭಾಗ ಎಂದು ಹೆಸರಿಟ್ಟುಕೊಂಡಿದ್ದ. ಹೆಸರಿಟ್ಟ ಮೇಲೆ ಎರಡು ದಿನ ಸಮಾಧಾನವಾಗಿತ್ತು.

ಅದಕ್ಕೆ ಮುಂಚೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ. ಒಂದು ಜೂನ್ ತಿಂಗಳಲ್ಲಿ ಕರೆ ಬರಲಿಲ್ಲ. ಅತಿಥಿಗೆ ಹೊರಡಿ ಎಂದು ಯಾರೂ ಹೇಳುವುದಿಲ್ಲ. ಎಲೆ ಹಾಕುವುದನ್ನು ನಿಲ್ಲಿಸುತ್ತಾರೆ, ಅಷ್ಟೆ.

ಈಗ ಮುಂದೆ ಇದ್ದದ್ದು ಬಿಸ್ಕತ್ತು ಕಂಪನಿಯ ಹಳೆಯ ರಟ್ಟಿನ ಡಬ್ಬ. ಒಳಗೆ ಕಲ್ಪನಳ ಸಾಮಾನು. ಕಲ್ಪನ ಅವನ ಹೆಂಡತಿ. ಸಂಕ್ರಾಂತಿ ಕಳೆದು ಕೆಜಿಎಫ್‌ನ ಊರಿಗಾಂನಲ್ಲಿದ್ದ ತಾಯಿಯ ಮನೆಗೆ ಹೋದವಳು ಇನ್ನೂ ಬಂದಿರಲಿಲ್ಲ. ಆಂಡರ್ಸನ್‌ಪೇಟೆಯ ಟೈಲರ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಹೋದ ವಾರ ಮೆಸೇಜು ಬಂದಿತ್ತು: ನನ್ನ ಸಾಮಾನು ಕಳಿಸಿ. ಮೊದಲು ಕತ್ತರಿ ಇಡಿ. ನೀವೇ ತರಬೇಡಿ, ಪಾರ್ಸಲ್ ಮಾಡಿ.

ಜಗಳವಾಗಿದ್ದರೆ ರಾಜಿ ಮಾಡಿಸಲು ಯಾರಾದರೂ ಬರುತ್ತಿದ್ದರು. ಜಗಳವೇ ಆಗಿರಲಿಲ್ಲ. ಕಾಲೇಜು ತಪ್ಪಿದ ಮೇಲೆ ಸುಬ್ರಮಣಿ ಮನೆಯಲ್ಲಿ ಮಾತು ಕಡಿಮೆ ಮಾಡಿದ. ಬೇಕೆಂದು ಮಾಡಿದ್ದಲ್ಲ. ಬಾವಿಯ ನೀರು ಇಳಿದ ಹಾಗೆ ಇಳಿಯಿತು. ಅವಳು ಕೇಳಿದಳು, ಕಾದಳು, ಅತ್ತಳು, ಆಮೇಲೆ ಅದನ್ನೂ ಬಿಟ್ಟಳು. ಹೋಗುವ ದಿನ, "ನಿಮ್ ಜೊತೆ ಇರೋದು ಒಂದೇ, ಬೀಗ ಹಾಕಿದ ಮನೇಲಿ ಇರೋದು ಒಂದೇ," ಎಂದಳು. ಅವನಿಗೆ ಉತ್ತರ ಗೊತ್ತಿತ್ತು. ಹೋಗಬೇಡ ಎನ್ನುವುದೇ ಉತ್ತರ. ಅದನ್ನು ಹೇಳುವುದಕ್ಕೆ ಸರಿಯಾದ ವಾಕ್ಯ ಹುಡುಕುತ್ತಿರುವಾಗಲೇ ಬಸ್ಸು ಬಂದಿತ್ತು.

ಈ ಡಬ್ಬ ಹೋಯಿತೆಂದರೆ ಅವಳದು ಅಂತ ಮನೆಯಲ್ಲಿ ಏನೂ ಉಳಿಯುವುದಿಲ್ಲ. ಫೋನು ಮಾಡಲಿಕ್ಕೆ ಅವಳಿಗೂ ಕಾರಣ ಇರುವುದಿಲ್ಲ, ಅವನಿಗೂ ಇರುವುದಿಲ್ಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಹೋದ ವಾರವೆಲ್ಲ ಡಬ್ಬ ಸಿಕ್ಕಲಿಲ್ಲ, ಟೇಪು ಸಿಕ್ಕಲಿಲ್ಲ, ಲೇಬಲ್ ಮುಗಿದಿತ್ತು. ನಿನ್ನೆ ಯಾವ ನೆಪವೂ ಉಳಿಯದೆ ಬುಕ್ ಮಾಡಿ, ಲೇಬಲ್ಲನ್ನು ಇಲ್ಲೇ ಮುದ್ರಿಸಿಕೊಂಡು ಮನೆಗೆ ಒಯ್ದು ಅಂಟಿಸಿದ್ದ.

ಕುಂಕುಮ ಅವನ ತಾಯಿ ಆದಿಲಕ್ಷ್ಮಮ್ಮನ ಕೆಲಸ. ಅವರ ಮನೆಯಿಂದ ಏನೇ ಹೊರಗೆ ಹೊರಟರೂ, ಕರು ಮಾರಾಟವಾದರೂ, ರಾಗಿ ಮೂಟೆ ಗಾಡಿಗೆ ಏರಿದರೂ, ಹಣೆಗೆ ಇಟ್ಟೇ ಕಳಿಸಬೇಕು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವಳು, ಬೈಕಿನ ಹಿಂದಿನ ಸೀಟಿಗೆ ಅವನು ಡಬ್ಬ ಕಟ್ಟುವುದನ್ನು ನೋಡುತ್ತ ನಿಂತಿದ್ದಳು.

"ಸೊಸೆ ಕೂತ್ಕೊಳ್ಳೋ ಜಾಗದಾಗೆ ಡಬ್ಬ ಕಟ್ತೀಯಲ್ಲಾ," ಎಂದಳು. "ನೀನೇ ಒತ್ಕೊಂಡು ಓಗ್ಲಾ. ಕೊಟ್ಟು, ಕರ್ಕೊಂಡು ಬಾ."

"ಬರಬೇಡ ಅಂದಿದ್ದಾಳೆ."

"ಆಡಿದ್ದನ್ನೆಲ್ಲ ಅಂಗೇ ಇಡ್ಕೊಂಡ್ರೆ ಸಂಸಾರ ಆಗ್ತದೇನ್ಲಾ?"

ಅವನು ಹಗ್ಗ ಬಿಗಿದ. ಅವಳು ಒಳಗಿನಿಂದ ಬಟ್ಟಲು ತಂದು, ಒದ್ದೆ ಅರಿಶಿನದಲ್ಲಿ ಬೆರಳದ್ದಿ, ಮುಚ್ಚಳಕ್ಕೆ ಒಂದು ಬೊಟ್ಟಿಟ್ಟಳು. ಆಮೇಲೆ ಡಬ್ಬದ ಮುಖ ಯಾವುದೆಂದು ಹುಡುಕಿದಳು. ಹೆಸರಿದ್ದ ಕಡೆಯೇ ಮುಖ. ಕಪ್ಪು ಪಟ್ಟಿಗಳ ನಟ್ಟನಡುವೆ ಅರಿಶಿನ, ಅದರ ಮೇಲೆ ಕುಂಕುಮ. ಪಟ್ಟಿಗಳ ಮೇಲೆ ಏನು ಬಿದ್ದರೂ ಗನ್ ಓದುವುದಿಲ್ಲವೆಂದು ಆ ಊರಿನಲ್ಲಿ ಸುಬ್ರಮಣಿಯಷ್ಟು ಚೆನ್ನಾಗಿ ತಿಳಿದವರಿರಲಿಲ್ಲ. ಒಂದು ಮಾತು ಹೇಳಿದ್ದರೆ ಅವಳ ಕೈ ಎರಡು ಅಂಗುಲ ಸರಿಯುತ್ತಿತ್ತು. ಅವನು ಹೇಳಲಿಲ್ಲ. ಅಮ್ಮನ ಮನಸ್ಸು ನೋಯಿಸಬಾರದೆಂದು ಹೇಳಲಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ವಿವರಿಸಿಕೊಂಡ.

ಶೆಡ್ಡಿಗೆ ಬಂದು, ಯಾರಿಗೂ ಹೇಳದೆ, ಉಳಿದ ಡಬ್ಬಗಳ ಸಾಲಿನಲ್ಲಿ ಅದನ್ನಿಟ್ಟ. ಒಂದು ಗಂಟೆಯೊಳಗೆ ಅದು ಅವನ ಮೇಜಿಗೇ ಬಂದು ಕೂತಿತ್ತು.

ಹಳೆಯ ಲೇಬಲ್ಲಿನ ತುದಿಗೆ ಉಗುರು ಹಾಕಿದಾಗ ಫೋನು ಬಂತು. ಕಲ್ಪನ.

"ಕಳಿಸಿದ್ರಾ?"

"ಕಳಿಸ್ತಾ ಇದ್ದೀನಿ."

"ಕತ್ತರಿ ಇಟ್ಟಿದ್ದೀರಾ?"

"ಇಟ್ಟಿದ್ದೀನಿ."

"ಮದುವೆ ಆರ್ಡರ್ ಬಂದೈತೆ. ರೇಷ್ಮೆ. ಬೇರೆಯವ್ರ ಕತ್ತರಿ ನನ್ ಕೈಗೆ ಹತ್ತಲ್ಲ. ಯಾವಾಗ ಬರುತ್ತೆ?"

"ಇಲ್ಲಿಂದ ಬೆಂಗಳೂರಿಗೆ ಹೋಗುತ್ತೆ. ಅಲ್ಲಿ ಬೇರೆ ಮಾಡಿ ಕೆಜಿಎಫ್‌ಗೆ ಕಳಿಸ್ತಾರೆ. ಎರಡು ಮೂರು ದಿನ."

ಅತ್ತ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ ಸಣ್ಣ ನಗು. "ಟ್ರೈನ್ ಹತ್ತಿದ್ರೆ ಅರ್ಧ ಗಂಟೆ ದಾರಿ ಇದು."

ಅವನು ಹೂಂ ಎಂದ. ನೀವೇ ತರಬೇಡಿ ಎಂದವಳು ಈಗ ತನ್ನಿ ಎನ್ನುತ್ತಿದ್ದಾಳೆಯೇ? ಅಥವಾ ಬರೀ ದೂರದ ಲೆಕ್ಕ ಹೇಳುತ್ತಿದ್ದಾಳೆಯೇ? ಅವನು ಎರಡೂ ಅರ್ಥಗಳನ್ನು ತೂಗಿ ನೋಡಿದ. ತೂಕ ಮುಗಿಯುವ ಹೊತ್ತಿಗೆ ಅವಳು ಫೋನಿಟ್ಟಿದ್ದಳು.

ಲೇಬಲ್ ಸಿಪ್ಪೆಯಂತೆ ಎದ್ದುಬಂತು. ಅದನ್ನು ಉಂಡೆ ಮಾಡಿ ಬುಟ್ಟಿಗೆಸೆದ. ಮುಚ್ಚಳದ ಬೊಟ್ಟು ಹಾಗೇ ಇತ್ತು.

ಕಂಪ್ಯೂಟರಿನಲ್ಲಿ ಅವಳ ಹೆಸರು ಹೊಡೆದರೆ ನಿನ್ನೆಯ ಹಾಗೆಯೇ ತನ್ನ ಮನೆಯ ವಿಳಾಸವೇ ಬಂತು. ಇಷ್ಟು ವರ್ಷ ಅವಳ ಹೆಸರಿಗೆ ಬಂದ ದಾರದ ಡಬ್ಬಿ, ಲೈನಿಂಗ್ ಬಟ್ಟೆ ಎಲ್ಲ ಕಾಮಸಮುದ್ರದ ರಸ್ತೆಯ ಆ ಹಳ್ಳಿಗೇ ಬಂದಿದ್ದವು. ಯಂತ್ರದ ಪ್ರಕಾರ ಕಲ್ಪನ ಇನ್ನೂ ಅವನ ಮನೆಯಲ್ಲೇ ಇದ್ದಳು. ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕೂತ. ಆಮೇಲೆ ಒಂದೊಂದೇ ಅಕ್ಷರ ಅಳಿಸಿದ.

ಊರಿಗಾಂ ಮನೆಯ ವಿಳಾಸವನ್ನು ಅವಳು ಮೆಸೇಜಿನಲ್ಲಿ ಕಳಿಸಿದ್ದಳು. ಅವಳ ತಮ್ಮ ಗೋಪಿಯ ಹೆಸರು, ಗಣಿ ಕಾರ್ಮಿಕರ ಲೈನ್ ಮನೆಯ ನಂಬರು. ಅಳಿಯನಾಗಿ ಎಂಟು ವರ್ಷವಾದರೂ ಆ ನಂಬರನ್ನು ಅವನು ಕಂಡದ್ದು ಅದೇ ಮೊದಲು. ದಾರಿ ಮಾತ್ರ ಕಣ್ಣುಮುಚ್ಚಿದರೂ ಗೊತ್ತಿತ್ತು. ಸ್ಟೇಷನ್ನಿನಲ್ಲಿ ಇಳಿಯಬೇಕು, ಹಳಿ ದಾಟಬೇಕು, ಬಾಗಿಲಿಲ್ಲದ ಕಂಪನಿ ಕಟ್ಟಡದ ಪಕ್ಕದಿಂದ ಏರಬೇಕು. ಒಂದು ನಲ್ಲಿ, ನಲ್ಲಿಯ ಹತ್ತಿರ ಯಾವಾಗಲೂ ತಮಿಳಿನಲ್ಲಿ ಬೈದಾಡುವ ಇಬ್ಬರು ಹೆಂಗಸರು. ಅಲ್ಲಿಂದ ತಗ್ಗಿದ ಸೂರಿನ ಮನೆಗಳ ಸಾಲು. ಹಸಿರು ಬಾಗಿಲು. ಬಗ್ಗಿ ಹೋಗದಿದ್ದರೆ ತಲೆಗೆ ಹೊಡೆಯುತ್ತದೆ. ಹೋಗಲು ದಾರಿ ಗೊತ್ತಿದ್ದ ಮನೆಗೆ ಅವನು ನಂಬರು ಟೈಪು ಮಾಡುತ್ತಿದ್ದ.

ಹೊಸ ರೋಲ್ ಹಾಕಬೇಕಾಗಿತ್ತು. ಪ್ರಿಂಟರಿನ ಮುಚ್ಚಳ ತೆಗೆದು ಹಾಕಿದ. ಹಾಕುವಾಗಲೇ ಕಣ್ಣು ಎಳೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ತಗಡು ಕಾದು, ಶೆಡ್ಡು ಮುದ್ದೆ ಬೇಯಿಸುವ ಪಾತ್ರೆಯ ಹಾಗಾಗುತ್ತಿತ್ತು. ಹೊರಗೆ ಗೂಡ್ಸ್ ಗಾಡಿಯೊಂದು ಮುಗಿಯದೆ ಸಾಗುತ್ತಿತ್ತು. ಅವನು ಡಬ್ಬದ ಮೇಲೆ ತೋಳಿಟ್ಟು, ತೋಳಿನ ಮೇಲೆ ತಲೆಯಿಟ್ಟ.

ಗಾಡಿಯ ಸದ್ದು ಕೆಳಗಿಳಿಯತೊಡಗಿತು. ಅವನೂ ಇಳಿಯುತ್ತಿದ್ದ. ಸುತ್ತ ಕಬ್ಬಿಣದ ಸರಳು. ಕಾಲ ಬಳಿ ಡಬ್ಬ. ಗಣಿಗೆ ಇಳಿಸುತ್ತೆಂದು ಮಾವ ಬಚ್ಚಪ್ಪ ಹೇಳುತ್ತಿದ್ದ ಪಂಜರವೇ ಇದು ಎಂದು ತಿಳಿಯಿತು. ತೀರಿಕೊಳ್ಳುವವರೆಗೂ ಮಾವ ತಾವು ದುಡಿದ ಚಿನ್ನದ ಗಣಿಯ ಕಥೆಯನ್ನೇ ಹೇಳುತ್ತಿದ್ದರು. ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತೆ. ಕೆಳಗೆ ಬಂಡೆಯೇ ಬೆವರುತ್ತೆ. ಈಗೆಲ್ಲ ನೀರು ತುಂಬಿದೆ. ನೀರಿನಲ್ಲಿ ಮಾವ ನಿಂತಿದ್ದರು, ಒದ್ದೆಯಾಗದೆ. ಕತ್ತಲೆಯ ಗೋಡೆಗಳ ಉದ್ದಕ್ಕೂ ಡಬ್ಬಗಳು ಜೋಡಿಸಿಟ್ಟಿದ್ದವು, ಒಂದಕ್ಕೂ ಹೆಸರಿರಲಿಲ್ಲ. ಎಲ್ಲವೂ ತನ್ನ ಮೇಜಿಗೆ ಬರಬೇಕಾದವು ಎಂದುಕೊಂಡ.

"ಅಳಿಯಂದ್ರೇ, ಗಂಟೆ ಎಳೀರಿ," ಎಂದರು ಮಾವ. "ಕೆಳ್ಗಿರೋರು ಗಂಟೆ ಎಳೀದಿದ್ರೆ ಮೇಲಿರೋನ್ಗೆ ಏನ್ ಗೊತ್ತಾಗ್ತದೆ? ಅವ್ನು ಪಂಜರ ಎತ್ತಾದೇ ಇಲ್ಲ."

ಗಂಟೆಯ ಹಗ್ಗ ಕೈಯಲ್ಲಿತ್ತು. ನುಣ್ಣಗೆ, ಬೆಚ್ಚಗೆ, ಜಡೆಯ ಹಾಗಿತ್ತು. ಎಳೆದರೆ ಆಯಿತು. ಎಷ್ಟು ಸಲ ಎಳೆಯಬೇಕು, ಒಂದು ಸಲವೇ, ಎರಡು ಸಲವೇ ಎಂದು ಅವನು ಕೇಳಬೇಕೆಂದಿದ್ದ. ನೀರು ಬಾಯಿಯವರೆಗೆ ಬಂದಿತ್ತು.

ಎದ್ದಾಗ ತೋಳಿಗೆ ರಟ್ಟಿನ ಗೆರೆಗಳು ಮೂಡಿದ್ದವು. ಮಾರ್ಚ್ ತಿಂಗಳ ಗಾಳಿ ಬಾಗಿಲಿಂದ ಬಿಳಿ ದೂಳು ತಂದು ಮೇಜಿನ ಮೇಲೆ ಹರಡಿತ್ತು. ಕೆಜಿಎಫ್‌ನ ಸೈನೈಡ್ ದಿಬ್ಬದ ಮಣ್ಣೇ ಇಷ್ಟು ದೂರ ಬಂದಿರಬಹುದೇ ಎಂದು ಯೋಚಿಸಿದ. ಚಿನ್ನ ತೆಗೆದು ಉಳಿದ ಮಣ್ಣು. ಸುಮ್ಮನೆ ಊರಿನ ದೂಳೂ ಇರಬಹುದು. ಬೆರಳಿನಿಂದ ಒರೆಸಿ, ಮುದ್ರಿಸು ಎಂಬಲ್ಲಿ ಒತ್ತಿದ.

ಪ್ರಿಂಟರ್ ಗುರ್ ಎಂದು ಒಂದು ಲೇಬಲ್ ಹೊರಗೆ ಚಾಚಿತು. ಅದು ಬಿಳಿಯಾಗಿತ್ತು.

ಇನ್ನೊಂದು. ಅದೂ ಬಿಳಿ.

ಮೂರನೆಯದಕ್ಕೆ ಅವನಿಗೆ ಅರ್ಥವಾಯಿತು. ನಿದ್ದೆಗಣ್ಣಿನಲ್ಲಿ ರೋಲನ್ನು ತಿರುಗುಮುರುಗಾಗಿ ಹಾಕಿದ್ದ. ಬಿಸಿಯೆಲ್ಲ ಹಿಂಬದಿಯ ಕಾಗದಕ್ಕೆ ಬೀಳುತ್ತಿತ್ತು. ಆ ಮಗ್ಗುಲಿಗೆ ಎಷ್ಟು ಬಿಸಿ ತಾಗಿದರೂ ಏನೂ ಮೂಡುವುದಿಲ್ಲ. ಮುಚ್ಚಳ ತೆಗೆದು ರೋಲ್ ತಿರುಗಿಸುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಅವನ ಕೈ ಮುಚ್ಚಳದವರೆಗೆ ಹೋಯಿತು.

ವ್ಯಾನು ಹೊರಡುವುದು ನಾಲ್ಕಕ್ಕೆ. ಇನ್ನು ಹತ್ತೇ ನಿಮಿಷ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮತ್ತೆ ಮುದ್ರಿಸು ಒತ್ತಿದ. ಮತ್ತೆ ಬಿಳಿ. ಅದರಲ್ಲಿ ಒಂದು ಬಗೆಯ ಸುಖವಿತ್ತು. ಎಲ್ಲರೂ ನೋಡುವಂತೆ ಅವನು ಕೆಲಸ ಮಾಡುತ್ತಿದ್ದ, ಕೆಲಸ ಆಗುತ್ತಿರಲಿಲ್ಲ, ತಪ್ಪು ಯಾರದೂ ಅಲ್ಲ. ಬಿಳಿ ಲೇಬಲ್ಲುಗಳು ಮೇಜಿನಿಂದ ಇಳಿದು ಅವನ ಮೊಣಕಾಲಿನ ಮೇಲೆ ಮೆತ್ತಗೆ ಸುರುಳಿ ಸುತ್ತಿಕೊಂಡವು. ಅದರಲ್ಲೊಂದನ್ನು ಕಿತ್ತು, ಏಕೆಂದು ಕೇಳಿದರೆ ಹೇಳಲಾಗದು, ಡಬ್ಬದ ಮೇಲೆ ಅಂಟಿಸಿ ಅಂಗೈಯಿಂದ ಸವರಿದ.

"ಅದೊಂದೇ ಬಾಕಿ ಸಾರ್," ಎಂದು ಸಾಯಿಕುಮಾರ್ ಬಂದು ನಿಂತ. "ಕೊಡ್ರಿ, ಡ್ರೈವರ್ ಆರ್ನ್ ಒಡೀತಾವ್ನೆ."

"ಲೇಬಲ್ ಬರ್ತಾ ಇಲ್ಲ. ನಾಳೆ ನೋಡೋಣ."

ವ್ಯಾನು ಹೋಯಿತು. ಅದು ಮೂಲೆ ತಿರುಗಿ ಮರೆಯಾಗುವವರೆಗೂ ಸುಬ್ರಮಣಿ ಕಿಟಕಿಯಿಂದ ನೋಡಿದ. ಎದೆ ಹಗುರಾಯಿತು. ಇವತ್ತು ರಾತ್ರಿ ಡಬ್ಬವನ್ನು ಮನೆಗೆ ಒಯ್ಯಬಹುದು. ನಾಳೆ ಅಮ್ಮ ಮತ್ತೆ ಕುಂಕುಮ ಇಡುತ್ತಾಳೆ. ನಾಳೆಯೂ ಗನ್ ಓದುವುದಿಲ್ಲ. ಹೀಗೆಯೇ ಎಷ್ಟು ದಿನ ಬೇಕಾದರೂ ಬದುಕಬಹುದು ಎಂದು ಅವನಿಗೆ ಅನ್ನಿಸಿತು. ಬಹಳ ದಿನಗಳ ಮೇಲೆ ಟೀ ಕುಡಿಯಬೇಕೆನ್ನಿಸಿತು.

ಹಿಂತಿರುಗಿದಾಗ ಮೇಜಿನ ಆಚೆ ಕಲ್ಪನ ನಿಂತಿದ್ದಳು.

ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಯಿಂದ ನೇರ ಎದ್ದುಬಂದಿದ್ದಳು. ಮೈ ಸ್ವಲ್ಪ ಇಳಿದಿತ್ತು. ಹಣೆಯಲ್ಲಿ ಬೆವರು. ಅವಳನ್ನು ನೋಡಿದ್ದೇ ಅವನು ಒಂದು ಹೆಜ್ಜೆ ಮುಂದಿಟ್ಟ. ಸಂತೋಷವೇ ಅದು; ಬೇರೆ ಏನೂ ಅಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಬಂದ್ಯಾ."

"ಕತ್ತರಿ ಇವತ್ತೇ ಬೇಕಿತ್ತು. ವ್ಯಾನು ಹೋಯ್ತಾ?"

"ಹೋಯ್ತು. ಡಬ್ಬ ಇಲ್ಲೇ ಇದೆ."

ಅವಳು ಡಬ್ಬ ನೋಡಿದಳು. "ಒಳ್ಳೇದೇ ಆಯ್ತು. ಕೊಡಿ, ಒಯ್ತೀನಿ."

ಕೊಟ್ಟರೆ ಮುಗಿಯಿತು. ವ್ಯಾನಿನಿಂದ ಉಳಿಸಿಕೊಂಡದ್ದು ಅವಳ ಕೈಯಲ್ಲೇ ಹೋಗುತ್ತದೆ. "ಬುಕ್ ಆಗಿರೋ ಡಬ್ಬ," ಎಂದ. "ಸ್ಕ್ಯಾನ್ ಆಗದೆ ಹೊರಗೆ ಕೊಡೋ ಹಾಗಿಲ್ಲ."

"ನನ್ನ ಸಾಮಾನು."

"ಹೌದು. ಆದರೆ ಬುಕ್ ಆಗಿದೆ."

"ಬಿಚ್ಚಿ ಕತ್ತರಿ ಒಂದು ಕೊಡಿ. ಉಳಿದಿದ್ದು ನಿಮ್ಮತ್ರಾನೇ ಇರ್ಲಿ."

ಉಳಿದದ್ದು ಇರಲಿ ಎಂದಳಲ್ಲ. ಆ ಮಾತಿನ ಹಿಂದೆ ಏನೋ ಇತ್ತು, ಹಿಡಿದರೆ ಸಿಕ್ಕುವಂಥದ್ದು. ಅವನು, "ಬಿಚ್ಚೋ ಹಾಗಿಲ್ಲ," ಎಂದ.

ಗಾಜಿನ ಕೋಣೆಯಿಂದ ಮೇಲ್ವಿಚಾರಕಿ ಶಶಿರೇಖ ಮೇಡಂ ಎದ್ದು ಬಂದರು. ಯಾರು ಯಾರೆಂದು ಅವರಿಗೆ ಹೇಳಬೇಕಾಗಲಿಲ್ಲ. "ಅಲ್ಲ ರೀ, ಕಳಿಸೋರು ನೀವು, ತಗೊಳ್ಳೋರು ಅವರು, ಇಬ್ಬರೂ ಎದುರಿಗೇ ಇದ್ದೀರಿ. ಕೊಟ್ಟು ಕಳಿಸಿ. ನಾಳೆ ನಾನು ಕ್ಯಾನ್ಸಲ್ ಹಾಕ್ತೀನಿ."

"ಬೇಡ ಮೇಡಂ. ರೂಲ್ಸ್ ಅಂದ ಮೇಲೆ ಎಲ್ಲರಿಗೂ ಒಂದೇ."

ಮೇಡಂ ಅವನ ಮುಖ ನೋಡಿದರು. ಆಮೇಲೆ ಕಲ್ಪನಳ ಮುಖ ನೋಡಿ ಒಳಗೆ ಹೋದರು.

ಸುಬ್ರಮಣಿ ಗನ್ ಎತ್ತಿ ಬಿಳಿ ಲೇಬಲ್ಲಿನ ಮೇಲೆ ಹಿಡಿದ. ಕೆಂಪು ಗೆರೆ ಅತ್ತಿಂದಿತ್ತ ಹುಡುಕಾಡಿತು. "ನೋಡು," ಎಂದ, ತನ್ನದು ಸುಳ್ಳಲ್ಲ ಎಂಬಂತೆ.

"ಇದ್ರಾಗೆ ಏನೂ ಬರೆದೇ ಇಲ್ಲವಲ್ಲ," ಎಂದಳು ಕಲ್ಪನ. ಬಗ್ಗಿ ನೋಡಿದಳು. ಆಗ ಮುಚ್ಚಳದ ಮೇಲಿನ ಬೊಟ್ಟು ಅವಳ ಕಣ್ಣಿಗೆ ಬಿತ್ತು. ಬೆರಳಿಟ್ಟಳು. "ಅತ್ತೆ ಇಟ್ರಾ?"

"ಹೂಂ."

"ಏನಂದ್ರು?"

ಕರ್ಕೊಂಡು ಬಾ ಅಂದಳು. ಮೂರೇ ಶಬ್ದ. ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. "ಏನೂ ಇಲ್ಲ," ಎಂದ.

ಅವಳ ಬೆರಳು ಬೊಟ್ಟಿನ ಮೇಲೆಯೇ ಇತ್ತು. ತಲೆಯೆತ್ತದೆ ಕೇಳಿದಳು: "ಇಷ್ಟು ದೂರ ಬಂದಿದೀನಿ. ಬೇರೆ ಏನಾದ್ರೂ ಹೇಳೋದು ಇದ್ಯಾ ನಿಮಗೆ?"

ಹೊರಗೆ ಸಾಯಿಕುಮಾರ್ ಯಾರೊಡನೆಯೋ ತೆಲುಗಿನಲ್ಲಿ ನಗುತ್ತಿದ್ದ. ಸುಬ್ರಮಣಿಗೆ ಕೈಯಲ್ಲಿ ಹಗ್ಗ ಇದೆ ಅನ್ನಿಸಿತು, ಬೆಚ್ಚಗೆ, ನುಣ್ಣಗೆ. ನೋಡಿಕೊಂಡರೆ ಗನ್ನು.

"ಪ್ರಿಂಟರ್ ಕೆಟ್ಟಿದೆ," ಎಂದ.

ಕಲ್ಪನ ತಲೆಯಾಡಿಸಿದಳು. ಬಹಳ ಹೊತ್ತು ಕಾದ ಬಸ್ಸು ಬರುವುದಿಲ್ಲವೆಂದು ಯಾರೋ ಹೇಳಿದಾಗ ಆಡಿಸುವ ಹಾಗೆ. ಬೆರಳು ಎತ್ತಿ ನೋಡಿಕೊಂಡಳು. ಕೆಂಪಾಗಿತ್ತು. ಆ ಬೆರಳು ಹಣೆಯ ಕಡೆಗೆ ಒಂದಿಷ್ಟು ಏರಿತು, ನಡುವೆ ನಿಂತಿತು. ಒರೆಸಿಕೊಳ್ಳಲು ಅವಳು ಜಾಗ ಹುಡುಕಿದಳು. ಸೀರೆಗೆ ಒರೆಸಲಿಲ್ಲ. ಬಿಳಿ ಲೇಬಲ್ಲಿನ ಮೇಲೆ ಒತ್ತಿದಳು.

"ನಾಳೆ ಗೋಪೀನ ಕಳಿಸ್ತೀನಿ. ಅವ್ನ ಕೈಗೆ ಕೊಡಿ," ಎಂದಳು. "ಅತ್ತೆಗೆ ಹೇಳಿ." ಏನು ಹೇಳಬೇಕೆಂದು ಹೇಳಲಿಲ್ಲ.

ಅವಳು ಬಾಗಿಲು ದಾಟಿದಳು. ಗಾಜಿನ ಕೋಣೆಯಿಂದ ಮೇಡಂ ಕೂಗಿದರು: "ಸುಬ್ರಮಣಿ, ಸ್ಟೇಷನ್‌ವರೆಗಾದ್ರೂ ಹೋಗಿ ಬನ್ನಿ ರೀ!"

"ಬಂದೆ ಮೇಡಂ. ಇದೊಂದು ಮುಗಿಸಿ," ಎಂದ.

ಊರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಪ್ಲಾಟ್‌ಫಾರ್ಮಿಗೆ ಬರುವ ಸದ್ದಾಯಿತು. ಅಲ್ಲಿ ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ; ಓಡಿದರೆ ಸಿಕ್ಕುತ್ತದೆ. ಸುಬ್ರಮಣಿ ಡಬ್ಬದ ಮೇಲೆ ಬಾಗಿದ. ಬಿಳಿಯ ನಡುವೆ ಅವಳ ಬೆರಳಚ್ಚು ಸ್ಪಷ್ಟವಾಗಿ ಮೂಡಿತ್ತು, ಒಂದರೊಳಗೊಂದು ಸುತ್ತಿದ ಸಣ್ಣ ಕೆಂಪು ಗೆರೆಗಳು. ಆ ದಿನ ಆ ಕಾಗದ ಹಿಡಿದುಕೊಂಡ ಮುದ್ರೆ ಅದೊಂದೇ.

ಅವನು ಗನ್ ಎತ್ತಿ ಅದರ ಮೇಲೆ ಹಿಡಿದು ಒತ್ತಿದ. ಕೆಂಪು ಗೆರೆ ಕೆಂಪು ಗೆರೆಗಳ ಮೇಲೆ ನಡುಗುತ್ತ ನಿಂತಿತು. ಮತ್ತೊಮ್ಮೆ ಪ್ರಯತ್ನಿಸಿ ಎಂದಿತು ಕಂಪ್ಯೂಟರಿನ ತೆರೆ. ಹೊರಗೆ ಗಾಡಿ ಕೂಗಿತು. ಅವನು ಮತ್ತೊಮ್ಮೆ ಒತ್ತಿದ.